ನನ್ನ ಪಾರ್ಕಿನ ಏಳು ತಿರುವು

ಜನರನ್ನು ಸಾಲಾಗಿ ನಿಲ್ಲಿಸುವುದು ಬಹಳ ಸುಲಭ. ನಾಲ್ಕು ಬಿದಿರು, ಒಂದಿಷ್ಟು ಹಗ್ಗ, ಸ್ವಲ್ಪ ಬುದ್ಧಿ ಇದ್ದರೆ ಸಾಕು. ಹೀಗೆಂದು ನಾನು ನಂಬಿದ್ದೆ. ಬಿದಿರು ಇತ್ತು. ಹಗ್ಗವೂ ಇತ್ತು.

ಶುರುವಾದದ್ದು ಮುಂಬಯಿಯಲ್ಲಿ. ಸಂಬಂಧಿಕರೊಬ್ಬರ ಹೊಸ ಮನೆಯ ಪ್ರವೇಶಕ್ಕೆಂದು ಬ್ಯಾಡಗಿಯಿಂದ ನಾವು ನಾಲ್ವರು ಹೋಗಿದ್ದೆವು. ನಾನು, ಮೆಣಸಿನಕಾಯಿ ದಲಾಲಿಯ ಅಡತಿ ಅಂಗಡಿ ಇಟ್ಟಿರುವ ನನ್ನ ಮಗ ಬಸವರಾಜ, ಸೊಸೆ ಕಮಲಾ, ಮತ್ತು ನನ್ನ ತಂಗಿಯ ಮಗ ವೀರೇಶ. ವೀರೇಶ ಹಾವೇರಿಯಲ್ಲಿ ಕೂತು ಮನೆಗಳ ನಕ್ಷೆ ಬರೆಯುವವನು. ತಾನು ಬರೆದ ನಕ್ಷೆಯಂತೆ ಯಾರೂ ಮನೆ ಕಟ್ಟುವುದಿಲ್ಲ ಎಂಬ ಕೊರಗು ಅವನಿಗೆ. ಅವನು ಮಲಗುವ ಕೋಣೆ ಬರೆದಲ್ಲಿ ಜನ ಎಮ್ಮೆ ಕಟ್ಟುತ್ತಾರೆ.

ಪ್ರವೇಶದ ಮರುದಿನ ಊರ ಹೊರಗಿನ ಒಂದು ದೊಡ್ಡ ಆಟದ ಪಾರ್ಕಿಗೆ ಕರೆದೊಯ್ದರು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಚೀಲ ಕಾಯಲು ಬಿಟ್ಟು, ಉಳಿದವರು ಆಡಲು ಹೋದರು. ಬೇಸರವಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ನಾನು ಎದುರಿನ ಏರಿಳಿಯುವ ಗಾಡಿಯನ್ನು ನೋಡಿದೆ. ಗಾಡಿ ಓಡುವುದು ಎರಡು ನಿಮಿಷ. ಅದಕ್ಕಾಗಿ ಜನ ನಿಲ್ಲುವುದು ಒಂದು ತಾಸು. ಎರಡು ನಿಮಿಷ ಚೀರಾಡಿ, ಇಳಿದು, ತಲೆ ಬಾಚಿಕೊಂಡು, ಮತ್ತೆ ಒಂದು ತಾಸು ನಿಲ್ಲಲು ಓಡುತ್ತಿದ್ದರು. ಯಾರೂ ನುಗ್ಗಲಿಲ್ಲ. ಯಾರೂ ಯಾರ ಅವ್ವನ ಹೆಸರನ್ನೂ ಎತ್ತಲಿಲ್ಲ. ನಮ್ಮಲ್ಲಿ ಚಿಮಣಿ ಎಣ್ಣೆಗೆ ಒಂದು ತಾಸು ನಿಲ್ಲಿಸಿದರೆ ಅಂಗಡಿಯವನ ಮೂರು ತಲೆಮಾರು ಹೊರಗೆ ಬರುತ್ತದೆ. ಇಲ್ಲಿ ನಗುತ್ತ ನಿಂತಿದ್ದಾರೆ. ಇದರಲ್ಲಿ ಏನೋ ಇದೆ ಅಂದುಕೊಂಡೆ.

ಏನಿದೆ ಎಂಬುದನ್ನು ವೀರೇಶ ವಾಪಸು ಬರುವಾಗ ರೈಲಿನಲ್ಲಿ ಹೇಳಿದ. ಹುಬ್ಬಳ್ಳಿ ಬರುವ ತನಕ ಹೇಳಿದ. ಬಹಳ ಹಿಂದೆ ದೂರದ ದೇಶಗಳಲ್ಲಿ ದೊಡ್ಡವರ ತೋಟಗಳನ್ನು ಜನರಿಗೆ ತೆರೆದು, ದೀಪ ಹಚ್ಚಿ, ವಾದ್ಯ ಬಾರಿಸುತ್ತಿದ್ದರಂತೆ. ಆಮೇಲೆ ಸಮುದ್ರದ ದಂಡೆಯಲ್ಲಿ ತಿರುಗುವ ತೊಟ್ಟಿಲು, ಏರಿಳಿಯುವ ಗಾಡಿ ಬಂದವಂತೆ. ಅಲ್ಲಿ ಕುಡುಕರು, ಕಿಸೆಗಳ್ಳರು, ಹೊಲಸು. ಮರ್ಯಾದಸ್ಥರು ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ. ಆಗ ಯಾರೋ ಬುದ್ಧಿವಂತರು ಸುತ್ತ ಗೋಡೆ ಹಾಕಿ, ಒಂದೇ ಒಂದು ಬಾಗಿಲು ಇಟ್ಟು, ಒಳಗೆ ಬೇರೆಯದೇ ಒಂದು ಲೋಕ ಕಟ್ಟಿದರಂತೆ. ಆ ಲೋಕಕ್ಕೆ ಕಾಯಿದೆಗಳಿವೆ. ಬಾಗಿಲು ಒಂದೇ ಇರಬೇಕು. ನಡುವೆ ಎತ್ತರದ್ದೊಂದು ನಿಲ್ಲಿಸಬೇಕು, ಜನರ ಕಾಲು ತಾನೇ ಆ ಕಡೆ ಹೋಗುತ್ತದೆ. ಕೆಳಗಿನ ಅಂತಸ್ತು ದೊಡ್ಡದು, ಮೇಲಿನದು ಸಣ್ಣದು ಮಾಡಿದರೆ ಇಪ್ಪತ್ತಡಿಯದು ನಲವತ್ತಡಿ ಕಾಣುತ್ತದೆ. ಕೆಲಸದವರು ಓಡಾಡುವ ದಾರಿ ಬಂದವರ ಕಣ್ಣಿಗೆ ಬೀಳಬಾರದು. ಇನ್ನು ಸಾಲು. ಅದನ್ನು ನೇರ ಬಿಟ್ಟರೆ ಉದ್ದ ಕಂಡು ಜನ ಹೆದರುತ್ತಾರೆ. ಹಾವಿನಂತೆ ಸುತ್ತಿಸಬೇಕು. ತಿರುವಿಗೊಂದು ನೋಡುವ ಸಾಮಾನು ಇಡಬೇಕು. ಇನ್ನೆಷ್ಟು ನಿಮಿಷ ಎಂದು ಬೋರ್ಡು ಹಾಕಬೇಕು, ಅದರಲ್ಲಿ ಸುಳ್ಳೇ ಹೆಚ್ಚು ನಿಮಿಷ ಬರೆಯಬೇಕು. ಆಗ ಬೇಗ ಬಂದೆವೆಂದು ಜನ ಖುಷಿಪಡುತ್ತಾರೆ.

ಕಟ್ಟಿದವುಗಳಿಗಿಂತ ಕಟ್ಟದೇ ಬಿಟ್ಟವೇ ಹೆಚ್ಚು ಎಂದೂ ಹೇಳಿದ. ಗಾಜಿನ ಗುಮ್ಮಟದ ಕೆಳಗೆ ಇಡೀ ಊರು, ಬೆಟ್ಟದ ಹೊಟ್ಟೆಯಲ್ಲಿ ಊಟದ ಮನೆ, ಏನೇನೋ ಬರೆದಿದ್ದರಂತೆ. ಎಲ್ಲ ಕಾಗದದ ಮೇಲೆಯೇ ಸತ್ತವಂತೆ. ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದ. ತನ್ನ ಮಲಗುವ ಕೋಣೆಗಳ ನೆನಪಾಗಿರಬೇಕು.

ನಾನು ಅಂದೆ, ಅವರ ಹತ್ತಿರ ಹೊಲ ಇರಲಿಲ್ಲ, ನನ್ನ ಹತ್ತಿರ ಇದೆ.

ಇತ್ತು. ಮೋಟೆಬೆನ್ನೂರಿನ ಹತ್ತಿರ ಹೈವೇಗೆ ಹೊಂದಿಕೊಂಡು ಐದೆಕರೆ. ಹೊಲ ನನ್ನ ಹೆಸರಿನಲ್ಲಿ, ಮಾತು ಮಗನದು. ಅದನ್ನು ಕೋಲ್ಡ್ ಸ್ಟೋರೇಜು ಕಟ್ಟುವವರಿಗೆ ಕೊಡಬೇಕೆಂದು ಬಸವರಾಜ ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ವೀರೇಶ ಒಂದು ಚಾಪೆಯಷ್ಟು ಅಗಲದ ಕಾಗದದ ಮೇಲೆ ನನ್ನ ಪಾರ್ಕನ್ನು ಬರೆದು ತಂದ. ನಡುವೆ ಗುಡ್ಡ, ಗುಡ್ಡಕ್ಕೆ ಸುತ್ತು ಹಾಕುವ ಸಣ್ಣ ರೈಲು, ಜಾರುವ ನೀರು. ನಾನು ಅದನ್ನು ನಡುಮನೆಯ ಗೋಡೆಗೆ ಹಚ್ಚಿಸಿದೆ. ಬಂದವರೆಲ್ಲ ಯಾವ ದೇವಸ್ಥಾನ ಎಂದು ಕೇಳಿದರು.

ಬಸವರಾಜ ಮಾತ್ರ ನೋಡಿ ನಕ್ಕ. "ಅವ್ವಾ, ಕದರಮಂಡಲಗಿ ಹನುಮಪ್ಪನ ಮುಂದನೂ ನಮ್ಮ ಮಂದಿ ಸಾಲು ನಿಂದ್ರಂಗಿಲ್ಲ. ನಿನ್ನ ಜಾರಗುಂಡಿ ಮುಂದ ನಿಂದರ್ತಾರೇನು?"

"ನಿಂದ್ರಿಸಿ ತೋರಿಸ್ತೇನಿ," ಅಂದೆ.

"ತೋರ್ಸು. ಶಾಂತಾನ ಮದುವಿಯೊಳಗ ತೋರ್ಸು. ಊಟಕ್ಕ ಒಬ್ಬರೂ ನುಗ್ಗಲಿಲ್ಲಂದ್ರ ಹೊಲ ನಿನ್ನ ಪಾರ್ಕಿಗೆ. ನುಗ್ಗಿದ್ರ ಕೋಲ್ಡ್ ಸ್ಟೋರೇಜಿಗೆ. ಮತ್ತ ಮಾತಾಡಂಗಿಲ್ಲ."

ಶಾಂತಾ ಅವನ ಮಗಳು, ನನ್ನ ಮೊಮ್ಮಗಳು. ರಾಣೆಬೆನ್ನೂರಿನ ಬಟ್ಟೆ ವ್ಯಾಪಾರಿಗಳ ಮನೆಗೆ ಸಂಬಂಧ ಗೊತ್ತಾಗಿತ್ತು. ಮದುವೆ ಅದೇ ಹೊಲದಲ್ಲಿ ಹಂದರ ಹಾಕಿ ಮಾಡುವುದೆಂದಿತ್ತು. ನಾನು ಆಗಲಿ ಅಂದೆ. ಸೊಸೆ ಕಮಲಾ ಅಕ್ಕಿ ಆರಿಸುತ್ತ ಕೂತಿದ್ದವಳು ತಲೆ ಎತ್ತದೇ ಕೇಳಿದಳು: "ಅತ್ತಿಯವರ, ಮದುವಿ ಯಾರದು? ನಮ್ಮ ಶಾಂತಾಂದೋ, ನಿಮ್ಮ ಪಾರ್ಕಿಂದೋ?"

ಪ್ರಶ್ನೆ ಬರೋಬ್ಬರಿ ಇತ್ತು. ನಾನು ಎದ್ದು ವೀರೇಶನಿಗೆ ಹೇಳಿ ಕಳಿಸಿದೆ.

ಹಂದರದ ನಕ್ಷೆಯನ್ನು ವೀರೇಶ ಬರೆದ, ತಿದ್ದಿದವಳು ನಾನು. ಮುಂದೆ ಒಂದೇ ಬಾಗಿಲು. ಬಾಗಿಲು ದಾಟಿದೊಡನೆ ಬಿದಿರಿನ ಕಟಾಂಜನದ ಓಣಿ, ಒಬ್ಬರು ನಡೆಯುವಷ್ಟೇ ಅಗಲ. ಜೋಡಿಯಾಗಿ ನಿಂತರೆ ತಾನೇ ನೂಕಾಟ? ಓಣಿ ಏಳು ತಿರುವು ತಿರುಗಿ ಕೊನೆಗೆ ಊಟದ ಹಂದರಕ್ಕೆ ಹೋಗಿ ಸೇರಬೇಕು. ತಿರುವುಗಳ ನಡುವೆ, ಎಲ್ಲ ಕಡೆಯಿಂದ ಕಾಣುವಂತೆ, ಮದುವೆಯ ಮಂಟಪ. ಮೂರು ಅಂತಸ್ತು, ಮೇಲೆ ಹೋದಂತೆ ಸಣ್ಣದು. ದೂರದಿಂದ ನೋಡಿದರೆ ಗೋಪುರದಂತೆ ಕಾಣುತ್ತಿತ್ತು. ಜನ ಓಣಿಯಲ್ಲಿ ನಿಂತೇ ಮದುವೆ ನೋಡಬೇಕು, ನಿಂತಲ್ಲಿಂದಲೇ ಅಕ್ಕಿಕಾಳು ಹಾಕಬೇಕು, ಆಮೇಲೆ ಊಟದ ಹಂದರದ ಬಾಗಿಲು ತೆರೆಯಬೇಕು, ಸಾಲಾಗಿ ಹೋಗಿ ಉಣ್ಣಬೇಕು. ಉಂಡವರು ಆ ಕಡೆಯಿಂದ ನೇರ ಹೈವೇಗೆ. ತಿರುಗಿ ಬರುವ ದಾರಿಯೇ ಇಲ್ಲ. ಮದುಮಕ್ಕಳು ಮತ್ತು ಎರಡೂ ಮನೆಯವರು ಮಂಟಪಕ್ಕೆ ಬರಲು ಅಡುಗೆ ಹಂದರದ ಹಿಂದಿನಿಂದ ಬೇರೆ ದಾರಿ. ಅದು ಬಂದವರ ಕಣ್ಣಿಗೆ ಬೀಳಬಾರದ ದಾರಿ. ಹಾಗಾಗಿ ಯಾರಿಗೂ ಹೇಳಲಿಲ್ಲ. ಬೀಗರಿಗೂ ಹೇಳಲಿಲ್ಲ!

ಬಿದಿರನ್ನು ಹಗ್ಗದಿಂದ ಕಟ್ಟಿ ಮುಗಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. ತಂತಿಯಿಂದಲೂ ಬಿಗಿಸಿ ಎಂದೆ. ಬಿಗಿಸಿದರು.

ಮದುವೆಯ ದಿನ ಮುಂಜಾನೆ ಎಂಟಕ್ಕೇ ಜನ ಬರತೊಡಗಿದರು. ಮುಹೂರ್ತ ಹನ್ನೆರಡೂ ಇಪ್ಪತ್ತಕ್ಕೆ. ಬಂದವರು ಓಣಿ ನೋಡಿದರು, ಸಾಲು ನೋಡಿದರು, ಏನು ಕೊಡುತ್ತಾರೆ ಎಂದು ಕೇಳದೆಯೇ ಹಿಂದೆ ನಿಂತರು. ರೇಶನ್ನಿನ ಆ ಕಾಲದಲ್ಲಿ ಸಾಲು ಕಂಡರೆ ಮೊದಲು ನಿಲ್ಲುವುದು, ಆಮೇಲೆ ಕೇಳುವುದು ರೂಢಿ. ಹತ್ತು ಗಂಟೆಗೆ ಏಳು ತಿರುವೂ ತುಂಬಿತ್ತು. ಒಬ್ಬರೂ ನುಗ್ಗುತ್ತಿರಲಿಲ್ಲ. ಗದ್ದಲವೂ ಇರಲಿಲ್ಲ. ನಾನು ಓಡಿಹೋಗಿ ಬಸವರಾಜನನ್ನು ತೋಳು ಹಿಡಿದು ಎಳೆತಂದೆ.

ಅವನು ಏಳೂ ತಿರುವು ನೋಡಿದ. ಆಮೇಲೆ, "ಅವ್ವಾ, ಸ್ವಲ್ಪ ಕೆಳಗ ನೋಡು," ಅಂದ.

ಕೆಳಗೆ ನೋಡಿದೆ. ಸಾಲಿನಲ್ಲಿ ಮನುಷ್ಯರು ಅರ್ಧ, ಉಳಿದದ್ದು ಚಪ್ಪಲಿ. ಚಿಮಣಿ ಎಣ್ಣೆಯ ಸಾಲಿನಲ್ಲಿ ಡಬ್ಬಿ ಇಟ್ಟು ನೆರಳಿಗೆ ಹೋಗುವ ಹಾಗೆ, ನಮ್ಮ ಮಂದಿ ಒಂದು ಜೊತೆ ಚಪ್ಪಲಿ, ಒಂದು ಟವೆಲ್ಲು, ಒಂದು ಕಲ್ಲು ಇಟ್ಟು ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತ ಕೂತಿದ್ದರು. ಚಪ್ಪಲಿಗಳು ಬಹಳ ಶಿಸ್ತಿನಿಂದ ನಿಂತಿದ್ದವು.

"ನುಗ್ಗಿಲ್ಲಲ್ಲ," ಅಂದೆ.

"ಇಲ್ಲ," ಅಂದ. "ಚಪ್ಪಲಿ ಇನ್ನೂ ತನಕ ನುಗ್ಗಿಲ್ಲ."

ಪಣ ಇನ್ನೂ ಜೀವಂತವಾಗಿತ್ತು. ಆದರೆ ತಿರುವಿಗೊಂದು ನೋಡುವ ಸಾಮಾನು ಇಟ್ಟಿದ್ದೆನಲ್ಲ, ಅದು ಕೈಕೊಡತೊಡಗಿತು. ಎರಡನೆಯ ತಿರುವಿನಲ್ಲಿ ಶಾಂತಾ ಕಸೂತಿ ಹಾಕಿದ ದಿಂಬಿನ ಚೀಲ, ಕರವಸ್ತ್ರ ಎಲ್ಲ ಹರವಿಟ್ಟಿದ್ದೆವು. ಮದುವೆಯಲ್ಲಿ ಬಟ್ಟೆ ಹರವಿ ಇಟ್ಟರೆ ನಮ್ಮ ಕಡೆ ಅದು ಬಂದವರಿಗೆ ಕೊಡುವ ಆಯೇರಿ. ಜನ ಒಂದೊಂದು ಎತ್ತಿಕೊಂಡು, ಬಣ್ಣ ಚೆನ್ನಾಗಿಲ್ಲ ಎಂದು ಗೊಣಗುತ್ತ ಮುಂದೆ ಹೋದರು.

ಅದಕ್ಕಿಂತ ಕೆಟ್ಟದ್ದು ಬೋರ್ಡು. ಏಳನೆಯ ತಿರುವಿನಲ್ಲಿ "ಇಲ್ಲಿಂದ ಊಟಕ್ಕೆ ಹದಿನೈದು ನಿಮಿಷ" ಎಂದು ಬರೆಸಿದ್ದೆ, ಹನ್ನೊಂದು ದಾಟಿದ ಮೇಲೆ ತೂಗುಹಾಕಿಸಿದೆ. ಸಾಲಿನ ಎಲ್ಲಕ್ಕೂ ಮುಂದೆ ನಿಂತವರು ಪೆನ್ಶನ್ ಆದ ಒಬ್ಬ ಕನ್ನಡ ಶಾಲೆಯ ಮಾಸ್ತರರು. ಅವರ ಕೈಯಲ್ಲಿ ಗಡಿಯಾರ. ಹದಿನೈದು ನಿಮಿಷಕ್ಕೆ ಸರಿಯಾಗಿ ಊಟದ ಹಂದರದ ಬಾಗಿಲು ಬಡಿದರು. ಇನ್ನೂ ಅಕ್ಕಿಕಾಳು ಬಿದ್ದಿಲ್ಲ ಎಂದು ಬಡಿಸುವವರು ಹೇಳಿದರೆ, ಬರೆದು ಹಾಕಿದ್ದಕ್ಕೆ ಕಿಮ್ಮತ್ತಿಲ್ಲವೇ ಎಂದು ಕೇಳಿದರು. ಹಿಂದಿನವರೂ ಕೇಳಿದರು. ಓದು ಬಾರದವರು ಇನ್ನೂ ಜೋರಾಗಿ ಕೇಳಿದರು. ಬಡಿಸುವವರು ಬಾಗಿಲು ತೆಗೆದರು. ಮುಹೂರ್ತಕ್ಕೆ ಮುಕ್ಕಾಲು ತಾಸು ಇರುವಾಗ ಮದುವೆಯ ಊಟ ಶುರುವಾಯಿತು.

ಸರಿಯಾಗಿ ಆಗಲೇ ಹೈವೇಯಲ್ಲಿ ಭಜಂತ್ರಿ ಕೇಳಿಸಿತು. ಬೀಗರು ಬಂದರು.

ಮುಂದೆ ಸನಾದಿ, ಡೊಳ್ಳು. ನಡುವೆ ಬಾಸಿಂಗ ಕಟ್ಟಿಕೊಂಡ ಮದುಮಗ ಪ್ರಕಾಶ. ಅವನ ಪಕ್ಕ ಅವನ ತಾಯಿ ನೀಲಮ್ಮ. ಹಿಂದೆ ರಾಣೆಬೆನ್ನೂರಿನ ಅರ್ಧ ಪೇಟೆ. ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ನಾನು ನೀಲಮ್ಮನ ಕಿವಿಯ ಹತ್ತಿರ ಹೋಗಿ, ಈ ಬಾಗಿಲು ಬೇಡ, ಹಿಂದೆ ಅಡುಗೆ ಮನೆಯ ಕಡೆಯಿಂದ ಒಂದು ದಾರಿ ಇದೆ, ಅಲ್ಲಿಂದ ಬನ್ನಿ ಎಂದೆ. ಮದುಮಗನ ತಾಯಿಗೆ ಈ ಮಾತು ಹೇಳಬಾರದು ಎಂಬುದು ಹೇಳಿ ಮುಗಿದ ಮೇಲೆ ನನಗೆ ಹೊಳೆಯಿತು.

ನೀಲಮ್ಮ ಸೆರಗು ಸರಿ ಮಾಡಿಕೊಂಡರು. "ಬೀಗತಿಯವರ, ನಾವು ಮದುವಿಗೆ ಬಂದೇವಿ. ಭಾಂಡೆ ತಿಕ್ಕಾಕ ಬಂದಿಲ್ಲ," ಎಂದವರೇ ಮಗನ ಕೈ ಹಿಡಿದು ಮುಂದಿನ ಬಾಗಿಲಿನಿಂದ ಓಣಿಯೊಳಗೆ ನಡೆದೇಬಿಟ್ಟರು. ಅವರ ಹಿಂದೆ ಎಲ್ಲರೂ ನಡೆದರು. ಒಬ್ಬರ ಹಿಂದೆ ಒಬ್ಬರು. ಜಾಗ ಅಷ್ಟೇ ಇತ್ತು.

ಮೊದಲ ತಿರುವಿನಲ್ಲೇ ನಿಂತರು. ಮುಂದೆ ಊಟಕ್ಕೆ ನಿಂತ ಜನ. ಹಿಂದಿನಿಂದ ಬಂದ ಬೀಗರ ಕಡೆಯವರು ಓಣಿಯನ್ನು ಬೂಚು ಜಡಿದ ಹಾಗೆ ತುಂಬಿದ್ದರು. ಹಿಂದೆ ಸರಿಯುವಂತಿಲ್ಲ. ವೀರೇಶ ಬಿದಿರಿನ ಆಚೆ ನಿಂತು, ದಾರಿ ಬಿಡಿ, ದಾರಿ ಬಿಡಿ ಎಂದು ಕೈಮುಗಿಯುತ್ತಿದ್ದ. ಸಾಲಿನಲ್ಲಿದ್ದ ಒಬ್ಬ ಹಿರಿಯರು ತಿರುಗಿ ನೋಡಿದರು.

"ಯಾರರೆ ಇರ್ರಿ, ಸಾಲಿನ್ಯಾಗ ಬರ್ರಿ. ನಾವು ಮುಂಜಾನಿಂದ ನಿಂತೇವಿ."

"ಇವರು ಮದುಮಗ ಅದಾರ್ರಿ," ಅಂದ ವೀರೇಶ.

"ಇರಲೇಳು. ಅವರೂ ಉಣ್ಣಾಕ ಬಂದಾರಲ್ಲ?"

ಬಿದಿರಿನ ಕೆಳಗೆ ನುಸುಳಿ ಬಾ ಎಂದು ಯಾರೋ ಪ್ರಕಾಶನಿಗೆ ಹೇಳಿದರು. ಅವನು ಬಗ್ಗಲು ಹೋದ. ನೀಲಮ್ಮ ರಟ್ಟೆ ಹಿಡಿದು ನೆಟ್ಟಗೆ ನಿಲ್ಲಿಸಿದರು. ಮದುವೆಗೆ ಬಂದ ಮಗ ಬೇಲಿ ನುಸುಳುವುದುಂಟೇ? ಬಾಸಿಂಗ ಬಿದ್ದರೆ ಗತಿಯೇನು? ನೇರ ನಡೆ ಎಂದರು. ನೇರ ನಡೆಯಲು ಓಣಿ ನೇರ ಇರಲಿಲ್ಲ. ಮಂಟಪ ಬಲಕ್ಕೆ ಬಂತು, ಎಡಕ್ಕೆ ಹೋಯಿತು, ಮತ್ತೆ ಬಲಕ್ಕೆ ಬಂತು. ಐದು ಸಲ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂತು, ಐದು ಸಲವೂ ದೂರ ಹೋಯಿತು. ಭಜಂತ್ರಿಯವರು ದಾರಿಯಲ್ಲಿದ್ದ ಚಪ್ಪಲಿಗಳನ್ನು ಕಾಲಿನಿಂದ ಸರಿಸಿದರು. ಬೇವಿನ ಗಿಡದ ಕೆಳಗಿದ್ದವರು, ಅದು ನಮ್ಮ ಪಾಳಿ, ಅದು ನಮ್ಮ ಪಾಳಿ ಎಂದು ಓಡಿ ಬಂದು ಸಂದಿಯಲ್ಲಿ ಸೇರಿಕೊಂಡರು. ಸನಾದಿಯ ದನಿ ಕೇಳಿ ಎರಡನೆಯ ಪಂಕ್ತಿ ಶುರುವಾಯಿತೆಂದು ಹಿಂದಿನವರು ಒತ್ತಿಕೊಂಡು ಬಂದರು.

ಮಂಟಪದಲ್ಲಿ ಶಾಂತಾ ಒಬ್ಬಳೇ ಮಣೆಯ ಮೇಲೆ ಕೂತಿದ್ದಳು. ಮದುವೆ ಮಾಡಿಸುವ ಅಯ್ಯನವರು ಗಡಿಯಾರ ನೋಡಿ, ಇನ್ನು ಹದಿನೆಂಟು ನಿಮಿಷ ಅಂದರು. ಬಸವರಾಜ ಎಲ್ಲಿಂದಲೋ ಕೊಡಲಿ ಹಿಡಿದುಕೊಂಡು ಬಂದ. ಓಣಿಯ ಬಿದಿರು ಕಡಿಯಲು ಕೈ ಎತ್ತಿದ.

ನಾನು ಅಡ್ಡ ನಿಂತೆ. "ಕಡದ್ರ ಪಣ ನೀನ ಸೋತಂಗ. ಹೊಲ ಪಾರ್ಕಿಗೆ," ಅಂದೆ.

ಅದು ನನ್ನ ಬಾಯಿಂದಲೇ ಬಂತು. ಈಗ ಸುಳ್ಳು ಹೇಳಿ ಏನು ಮಾಡಲಿ? ಮೊಮ್ಮಗಳ ಮುಹೂರ್ತ ಕೈ ಬಿಟ್ಟು ಹೋಗುತ್ತಿರುವಾಗ ನಾನು ಗುಡ್ಡ, ಸಣ್ಣ ರೈಲು, ಜಾರುವ ನೀರು ಕಾಯುತ್ತ ನಿಂತಿದ್ದೆ. ಬಸವರಾಜ ಕೊಡಲಿ ಇಳಿಸಿ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಬೇರೆ ಕಡೆ ನೋಡಿದಲ್ಲಿ ಮದುಮಗ ಏಳನೆಯ ತಿರುವು ದಾಟುತ್ತಿದ್ದ.

ದಾಟಿದವನು ಹೋಗುವುದೆಲ್ಲಿಗೆ? ಊಟದ ಹಂದರಕ್ಕೆ. ಅಲ್ಲಿಂದ ಹಿಂದೆ ಬರಲು ಅಡುಗೆ ಹಂದರದ ಹಿಂದಿನ ದಾರಿ ಒಂದೇ, ಅದನ್ನು ನೀಲಮ್ಮ ಒಲ್ಲೆ ಎಂದಾಗಿತ್ತು. ಬಡಿಸುವವರಿಗೆ ಒಂದೇ ಮಾತು ಹೇಳಿಕೊಟ್ಟಿದ್ದೆ, ಬಂದವರನ್ನು ನಿಲ್ಲಿಸಬೇಡಿ, ಕೂರಿಸಿ ಎಂದು. ಅವರು ಕೂರಿಸಿದರು. ಪತ್ರಾವಳಿ ಹಾಕಿದರು. ಬದನೆಕಾಯಿ ಪಲ್ಯ ಬಂತು, ಗೋಧಿ ಹುಗ್ಗಿ ಬಂತು, ಹುಗ್ಗಿಯ ಮೇಲೆ ತುಪ್ಪ ಬಂತು. ನಾನು ಅಡುಗೆ ಹಂದರದ ಹಿಂದಿನಿಂದ ಓಡಿಹೋಗಿ ನೋಡಿದಾಗ ಪ್ರಕಾಶ ಎಡಗೈಯಲ್ಲಿ ಬಾಸಿಂಗ ಎತ್ತಿ ಹಿಡಿದು ಬಲಗೈಯಲ್ಲಿ ಹುಗ್ಗಿ ತಿನ್ನುತ್ತಿದ್ದ.

ನನ್ನನ್ನು ಕಂಡು ಕೈ ತಡೆದ. "ಮುಂಜಾನಿಂದ ಏನೂ ತಿಂದಿದ್ದಿಲ್ರಿ, ಅಜ್ಜಿ," ಅಂದ. ಒಳ್ಳೆಯ ಹುಡುಗ. ಸುಳ್ಳು ಹೇಳುವುದಿಲ್ಲ.

ತಿರುಗಿ ಮಂಟಪಕ್ಕೆ ಬಂದೆ. ಶಾಂತಾ ತಲೆ ಎತ್ತಿ, "ಅಜ್ಜಿ, ಅವರು ಉಣ್ಣಾಕತ್ತಾರೇನು?" ಎಂದು ಕೇಳಿದಳು. ಆಗ ಕಮಲಾ ಬಂದಳು. ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಲಿಲ್ಲ. ಮಗಳ ಕೈ ಹಿಡಿದು ಎಬ್ಬಿಸಿದಳು. "ಅಯ್ಯನೋರ, ಅಂತರಪಟ ತಗೋರಿ. ಅಂವ ಎಲ್ಲಿ ಕುಂತಾನೋ ಅಲ್ಲೇ ಮದುವಿ," ಎಂದು ನನ್ನ ಗುಪ್ತ ದಾರಿಯಲ್ಲಿ ಮಗಳನ್ನು ನಡೆಸಿಕೊಂಡು ಹೋದಳು. ಇಡೀ ನಕ್ಷೆಯಲ್ಲಿ ಉಪಯೋಗಕ್ಕೆ ಬಂದದ್ದು ಆ ದಾರಿ ಒಂದೇ.

ಪ್ರಕಾಶ ಕೈ ತೊಳೆದು ಎದ್ದು ನಿಂತ. ಅಂತರಪಟವನ್ನು ಇಬ್ಬರು ಬಡಿಸುವವರು ಹಿಡಿದರು. ಹನ್ನೆರಡೂ ಇಪ್ಪತ್ತಕ್ಕೆ ಸರಿಯಾಗಿ, ಪಲ್ಯದ ಬಕೆಟ್ಟಿಗೂ ಸಾರಿನ ಕೊಳಗಕ್ಕೂ ನಡುವೆ, ನನ್ನ ಮೊಮ್ಮಗಳ ಮದುವೆಯಾಯಿತು. ಪಂಕ್ತಿಯಲ್ಲಿ ಕೂತವರು ಎಡಗೈಯಿಂದ ಅಕ್ಕಿಕಾಳು ಹಾಕಿದರು. ಅರ್ಧ ಮದುಮಕ್ಕಳ ಮೇಲೆ ಬಿತ್ತು, ಅರ್ಧ ಹುಗ್ಗಿಯಲ್ಲಿ ಬಿತ್ತು. ಮಾಸ್ತರರು ಎರಡನೆಯ ಸಲ ಹಾಕಿಸಿಕೊಂಡ ಹುಗ್ಗಿಯನ್ನು ಕಟಕಟ ಅಗಿದು, ಗೋಧಿ ಬೆಂದಿಲ್ಲ ಎಂದರು. ಫೋಟೋದವನು ತನ್ನ ದೀಪಗಳನ್ನೆಲ್ಲ ಮಂಟಪಕ್ಕೆ ಬಿಗಿದು ಕೂತಿದ್ದ. ಆಲ್ಬಮ್ಮಿನ ಮೊದಲ ಹತ್ತು ಫೋಟೋಗಳಲ್ಲಿ ಮೂರು ಅಂತಸ್ತಿನ ಮಂಟಪ ಮತ್ತು ಎರಡು ಖಾಲಿ ಮಣೆ ಇವೆ. ಬಹಳ ಎತ್ತರ ಕಾಣುತ್ತದೆ.

ನೀಲಮ್ಮ ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಹೋಗುವಾಗ ನನ್ನ ಎರಡೂ ಕೈ ಹಿಡಿದು, ಹತ್ತು ಮಂದಿ ಕೇಳುವಂತೆ, "ಬೀಗತಿಯವರ, ರೇಶನ್ ತಂದಂಗ ಸಾಲು ಹಚ್ಚಿ ಸೊಸಿನ್ನ ತಗೊಂಡು ಹೊಂಟೇವಿ," ಅಂದರು. ರಾಣೆಬೆನ್ನೂರಿನಲ್ಲಿ ಈಗಲೂ ನನ್ನನ್ನು ಹಾಗೆಯೇ ಗುರುತು ಹೇಳುತ್ತಾರಂತೆ, ಸಾಲು ಹಚ್ಚುವ ಮನೆಯ ಅಜ್ಜಿ ಎಂದು.

ಎಲ್ಲ ಮುಗಿದ ಮೇಲೆ ನಾನು ಮಗನ ಎದುರು ವಾದಕ್ಕೆ ಕೂತೆ. ಊಟಕ್ಕೆ ಒಬ್ಬರೂ ನುಗ್ಗಲಿಲ್ಲ, ಎಲ್ಲರೂ ಸಾಲಿನಲ್ಲೇ ಬಂದರು, ಮದುಮಗನೂ ಸಾಲಿನಲ್ಲೇ ಬಂದ, ಪಣ ನಾನು ಗೆದ್ದೆ ಅಂದೆ. ಬಸವರಾಜ ಪೇಟ ಬಿಚ್ಚಿ ಗೂಟಕ್ಕೆ ಹಾಕಿದ.

"ಗೆದ್ದಿ, ಅವ್ವಾ," ಅಂದ. "ಹೊಲ ನಿಂದು. ಪಾರ್ಕ್ ಕಟ್ಟು. ಶಾಂತಾನ ಮಗ್ಗಲಾ ಕುಂತು ಆಲ್ಬಮ್ ನೋಡಿ, ಆಮ್ಯಾಲ ಕಟ್ಟು."

ಶಾಂತಾ ತವರಿಗೆ ಬಂದಾಗ ಆಲ್ಬಮ್ಮು ತಂದಳು. ಪಕ್ಕದಲ್ಲಿ ಕೂತು ನೋಡಿದೆ. ಮೊದಲನೆಯ ಖಾಲಿ ಮಣೆಯ ಫೋಟೋ ನೋಡಿ ಅವಳು ನಕ್ಕಳು. ಎರಡನೆಯದಕ್ಕೆ ನಗಲಿಲ್ಲ. ನಾಲ್ಕನೆಯದಕ್ಕೆ ಪುಟ ಬೇಗ ಮಗುಚಿದಳು. ಮರುದಿನ ಮುಂಜಾನೆ ನಾನೇ ಬಸವರಾಜನನ್ನು ಕರೆದು ಕೋಲ್ಡ್ ಸ್ಟೋರೇಜಿನವರಿಗೆ ಹೇಳಿ ಕಳಿಸು ಅಂದೆ. ವೀರೇಶನ ಕಾಗದವನ್ನು ಕಮಲಾ ಅಡುಗೆ ಮನೆಯ ಗೋಡೆಯ ಮಾಡಕ್ಕೆ ಹಾಸಿದಳು. ಗುಡ್ಡದ ಮೇಲೆ ಈಗ ಉಪ್ಪಿನ ಡಬ್ಬಿ ಇದೆ. ವೀರೇಶ ಬಂದಾಗ ಅಡುಗೆ ಮನೆಗೆ ಹೋಗುವುದಿಲ್ಲ.

ಕೋಲ್ಡ್ ಸ್ಟೋರೇಜು ಎದ್ದಿತು. ಕಿಟಕಿ ಇಲ್ಲದ, ಅಂದ ಚಂದ ಇಲ್ಲದ ಕಟ್ಟಡ. ನಡುವೆ ಎತ್ತರದ್ದೇನೂ ಇಲ್ಲ, ತಿರುವಿನಲ್ಲಿ ನೋಡುವ ಸಾಮಾನಿಲ್ಲ, ಬೋರ್ಡಿಲ್ಲ. ಸುಗ್ಗಿಯಲ್ಲಿ ಒಂದು ದಿನ ನನ್ನ ಎರಡು ಚೀಲ ಮೆಣಸಿ‌ನಕಾಯಿ ಇಡಲು ಚಕ್ಕಡಿ ಹೂಡಿಸಿಕೊಂಡು ಹೋದೆ. ಚಕ್ಕಡಿ, ಟ್ರ್ಯಾಕ್ಟರು, ಟೆಂಪೋ ಎಲ್ಲ ಗೇಟಿನಿಂದ ಹೈವೇ ತನಕ ಒಂದರ ಹಿಂದೆ ಒಂದು ನಿಂತಿದ್ದವು. ಬಿದಿರಿಲ್ಲ, ಹಗ್ಗವಿಲ್ಲ. ಯಾರೂ ನುಗ್ಗುತ್ತಿರಲಿಲ್ಲ. ಮುಂಬಯಿಯಲ್ಲಿ ಕಂಡದ್ದಕ್ಕಿಂತ ಚೆಂದದ ಸಾಲು. ನಿಂತು ನೋಡಿದೆ, ಹೊಟ್ಟೆ ಉರಿಯಿತು.

ಬಿಸಿಲು ಜೋರಿತ್ತು. ಗೇಟಿನವನು ಬಂದು, "ಅಜ್ಜಿ, ಸಾಲಿನ್ಯಾಗ ಹಿಂದ ಹೋಗ್ರಿ," ಅಂದ. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ. ಸಂಜೆಯಾಗುತ್ತದೆ ಅಂದ.

"ಏ ತಮ್ಮಾ, ಈ ಹೊಲ ನಂದು," ಎಂದು ಚಕ್ಕಡಿಯನ್ನು ಬದಿಯಿಂದ ಹೊಡೆಸಿ ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ಹಿಂದಿನವರು ಬೈದರು. ಬೈಸಿಕೊಂಡೆ. ಅಷ್ಟುದ್ದದ ಸಾಲಿನಲ್ಲಿ ಆ ದಿನ ನುಗ್ಗಿದವಳು ನಾನೊಬ್ಬಳೇ.